ಬ್ಯಾರನ್ನಲ್ಲಿಟ್ಟ ಸುಗಂಧರಾಜ

ಹುಣಸೂರು ಕಡೆಯ ಜವರಯ್ಯನವರು ರೈತರಿಗೆ ಬೇರೆ ಬೆಳೆ ಕಲಿಸುವ ನಮ್ಮ ಸಂಸ್ಥೆಯ ಮಾತು ನಂಬಿ ಹೊಗೆಸೊಪ್ಪು ಬಿಟ್ಟು ಎರಡೆಕರೆಗೆ ಸುಗಂಧರಾಜ ಹಾಕಿದ್ದರು. ಹೊಗೆಸೊಪ್ಪಿನ ಲೈಸೆನ್ಸ್ ವಾಪಸ್ ಕೊಟ್ಟಾಗಿತ್ತು. ಅದು ಮತ್ತೆ ಸಿಗುವುದಿಲ್ಲ. ಈಗ ಹೂವೇ ಗತಿ. ಮೊದಲ ಚೀಲದೊಂದಿಗೆ ಅವರು ಬೆಳಿಗ್ಗೆ ಶಿವಾಜಿನಗರಕ್ಕೆ ಬಂದಾಗ, ಹೂವಿನ ವ್ಯಾಪಾರಿ ಅಕ್ತರ್ ನನಗೆ ಹಳೆಯ ಪರಿಚಯವೆಂದು ಹಲಸೂರಿನಿಂದ ನಾನೂ ಹೋದೆ. ಅಕ್ತರ್ ತಾನು ಎದ್ದು ನನಗೆ ಸ್ಟೂಲು ಕೊಟ್ಟ.

ಚೀಲ ಬಿಚ್ಚಿ ಒಂದು ಹಿಡಿ ಹೂವನ್ನು ಮೂಗಿನ ಹತ್ತಿರ ತಂದವನು ಹಾಗೇ ಕೆಳಗಿಟ್ಟ.

"ಯಜಮಾನ್ರೇ, ಹೂ ಎಲ್ಲಿಟ್ಟಿದ್ರಿ?"

"ಬ್ಯಾರನ್ನಲ್ಲಿ ಸಾಬ್ರೇ. ಹೊಗೆಸೊಪ್ಪು ಬೇಯಿಸ್ತಿದ್ದ ಮನೆ, ಈಗ ಖಾಲಿ ಅದೆ. ತಂಪಾಗಿರ್ತದೆ, ಅಲ್ಲೇ ಇಡಿ ಅಂತ ಈ ಅಮ್ಮಾವ್ರ ಕಡೆಯ ಶ್ರೀನಾಥ್ ಸಾರೇ ಹೇಳುದ್ರು."

ಶ್ರೀನಾಥ್ ನಮ್ಮ ಸಂಸ್ಥೆಯ ಅಧಿಕಾರಿ.

"ಅದಕ್ಕೇ! ಬೀಡಿ ಕಟ್ಟಿಗೆ ಹೂ ಮುಡಿಸಿದಂಗಿದೆ."

ಜವರಯ್ಯನವರು ಚೀಲದೊಳಗೆ ಮುಖವಿಟ್ಟು ದೀರ್ಘವಾಗಿ ಉಸಿರೆಳೆದರು. "ಹೂವಿನ ಗಮಲೇ ಬತ್ತಾ ಅದಲ್ಲ! ರೇಟ್ ಇಳಿಸಾಕೆ ಹಿಂಗಂತೀರಾ?"

"ಇದನ್ನ ಹಾರಕ್ಕೆ ಹಾಕಿದ್ರೆ ಮದುವೆ ಗಂಡು ಕೆಮ್ತಾನೆ, ಯಜಮಾನ್ರೇ."

ಅವರು ನನ್ನತ್ತ ತಿರುಗಿದರು. "ಅಮ್ಮಾವ್ರೇ, ನೀವೇ ಹೇಳಿ."

ಮೂಸಿದೆ. ಹೂವಿನ ಕಂಪಿನ ಅಡಿಯಲ್ಲಿ ಖಾರವಾದ, ಹಳೆಯ ಹೊಗೆಸೊಪ್ಪು. "ಬರ್ತಿದೆ, ಜವರಯ್ಯನವರೇ," ಎಂದೆ. ಅವರು ಚೀಲದ ಬಾಯಿ ಕಟ್ಟಿದರು.

ಶ್ರೀನಾಥ್‌ಗೆ ಫೋನ್ ಮಾಡಿದೆ. "ಮೇಡಂ, ಅದು ಅವರ ಸ್ಟೋರೇಜ್ ಪ್ರಾಬ್ಲಂ. ನಮ್ ಕಡೆಯಿಂದ ಟ್ರೈನಿಂಗ್ ಕಂಪ್ಲೀಟ್ ಆಗಿದೆ. ಹೇಗೂ ಬಂದಿದ್ದಾರಲ್ಲ, ಸಂಜೆ ಇಂದಿರಾನಗರದ ಪ್ರೋಗ್ರಾಂಗೆ ಕರ್ಕೊಂಡ್ಬನ್ನಿ. ಮಾದರಿ ರೈತ ಅಂತ ಸನ್ಮಾನ ಮಾಡೋಣ."

ಸನ್ಮಾನದ ವಿಷಯವನ್ನು ಜವರಯ್ಯನವರಿಗೆ ಹೇಳದೆ ಫೋನ್ ಬ್ಯಾಗಿಗೆ ಹಾಕಿಕೊಂಡೆ.

ಅಕ್ತರ್ ಟೀ ತರಿಸಿದ. "ಆ ಮನೆ ತೊಳೆದು ಸುಣ್ಣ ಹೊಡೀರಿ. ಬಾಗ್ಲು ತೆಗೆದಿಡಿ. ವಾಸನೆ ಹೋದ್ಮೇಲೆ ತನ್ನಿ, ನಾನೇ ತಗೋತೀನಿ."

"ಹೋಯ್ತು ಅಂತ ನಂಗೆ ಹೆಂಗ್ ಗೊತ್ತಾಯ್ತದೆ?"

"ಮನೆಯವ್ರ ಕೈಲಿ ಮೂಸಿಸಿ. ಇಲ್ಲಾ ಪಕ್ಕದ್ಮನೆಯವ್ರ ಕೈಲಿ."

"ನಮ್ಮೂರಲ್ಲಿ ಎಲ್ರೂ ಹೊಗೆಸೊಪ್ನೋರೇ, ಸಾಬ್ರೇ."

ಅವರು ಟೀ ಮುಗಿಸಿ ಚೀಲಕ್ಕೆ ಕೈ ಹಾಕಿದರು. "ಇರ್ಲಿ ಬಿಡಿ, ಬಸ್ಸಲ್ಲಿ ಯಾಕೆ ಹೊರ್ತೀರ," ಎಂದು ಅಕ್ತರ್ ಅದನ್ನು ಅಂಗಡಿಯೊಳಕ್ಕೆ ಎಳೆದುಕೊಂಡ. ಜವರಯ್ಯನವರು ಬಸ್ ಸ್ಟ್ಯಾಂಡಿನ ತಿರುವು ದಾಟಿ ಕಣ್ಮರೆಯಾಗುವವರೆಗೂ ಕಾದ. ಆಮೇಲೆ ಹೂವನ್ನೆಲ್ಲ ಕಸಕ್ಕೆ ಸುರಿದ.