‘ಕರಿಮೆಣಸು’ ಕೇಳಿದ ಮೊದಲ ಕಿವಿ

ಟಕ್.

ಕ್ಯಾಸೆಟ್ಟಿನ ಒಂದು ಬದಿ ಮುಗಿದು, ಪ್ಲೇಯರಿನ ಗುಂಡಿ ತಾನಾಗಿ ಮೇಲೆದ್ದ ಸದ್ದು. ಅಷ್ಟಕ್ಕೇ ತುಳಸಿ ಬೆಚ್ಚಿದಳು. ಇಯರ್‌ಫೋನ್ ಕಿತ್ತು, ಒಳಕೋಣೆಯಲ್ಲಿ ಗಂಡನ ಗೊರಕೆ ನಿಂತಿತೇ ಎಂದು ಕಿವಿಗೊಟ್ಟಳು. ನಿಂತಿರಲಿಲ್ಲ. ಗಂಟೆ ಹನ್ನೆರಡೂವರೆ. ಕ್ಯಾಸೆಟ್ಟನ್ನು ಹೊರತೆಗೆದು ಅದರ ಚೀಟಿಯನ್ನು ಮೂರನೆಯ ಸಲ ಓದಿದಳು. ‘ಪಲ್ಪರ್’ ತಂಡ, ‘ಕರಿಮೆಣಸು’, ೧೯೮೬. ಚೀಟಿಯೇನೋ ಸರಿಯಾಗಿತ್ತು. ಈಗ ಕೇಳಿದ ಹಾಡುಗಳು ಮಾತ್ರ ಅವಳು ಅಂದು ಕೇಳಿದವುಗಳಲ್ಲ.

ಗಾಳಿಬೀಡಿನ ಮೂವರು ಹುಡುಗರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಹೆಸರನ್ನೇ ತಂಡಕ್ಕಿಟ್ಟುಕೊಂಡು ಮಾಡಿದ ಹಾರ್ಡ್ ರಾಕ್ ಆಲ್ಬಮ್ ಅದು. ಬಂದ ಹೊಸತರಲ್ಲಿ ಅದು ಯಾರಿಗೂ ಬೇಡವಾಗಿತ್ತು. ಬೆಂಗಳೂರಿನ ಒಂದು ಪತ್ರಿಕೆ ‘ತಗಡಿನ ಮೇಲೆ ಆಲಿಕಲ್ಲು’ ಎಂದಿತು. ಇನ್ನೊಂದು ‘ಕೊನೆಯ ಬಸ್ಸು ತಪ್ಪೀತೆಂದು ಓಡುವವರ ಸಂಗೀತ’ ಎಂದು ನಕ್ಕಿತು. ಹೊಗಳಿದವಳು ಒಬ್ಬಳೇ: ಮಾದಾಪುರದ ಎಸ್ಟೇಟಿನ ಲೆಕ್ಕ ಬರೆಯುವ ರೈಟರರ ಮಗಳು, ಬಿ.ಎ. ಕೊನೆಯ ವರ್ಷದ ತುಳಸಿ. ಕನ್ನಡ ವಾರಪತ್ರಿಕೆಯೊಂದಕ್ಕೆ ಅವಳು ಬರೆದಳು: ‘ಇವರಿಗೆ ಅವಸರವಿಲ್ಲ. ಹಾಡು ಆನೆಯ ಹಾಗೆ ನಡೆದು ಬರುತ್ತದೆ. ದನಿ ಬಾವಿಯ ತಳದಿಂದ ಏಳುತ್ತದೆ.’

ಎರಡು ವರ್ಷದ ಮೇಲೆ ತಂಡ ಅವೇ ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಿತು. ಜನ ಇಂದು ‘ಕರಿಮೆಣಸು’ ಎನ್ನುವುದು ಆ ಎರಡನೆಯದನ್ನು. ನಿಧಾನ, ಭಾರ, ಕೇಳಿದರೆ ನೆಲ ಅದುರಬೇಕು. ಗಿಟಾರ್ ಹಿಡಿದ ಕಾಲೇಜು ಹುಡುಗರು ಅದರಿಂದಲೇ ಕೈ ಪಳಗಿಸುತ್ತಾರೆ. ಅದರ ಮೇಲೆ ಇಬ್ಬರು ಪಿಎಚ್.ಡಿ. ಮಾಡಿದ್ದಾರೆ. ‘ಇವರಿಗೆ ಅವಸರವಿಲ್ಲ’ ಎಂಬ ಸಾಲು ಟೀ ಶರ್ಟಿನ ಮೇಲೂ ಬಂದಿದೆ. ಅದನ್ನು ತೊಟ್ಟ ಹುಡುಗನೊಬ್ಬ ಕುಶಾಲನಗರದಲ್ಲಿ ಬಸ್ಸಿನ ಹಿಂದೆ ಓಡುವುದನ್ನು ತುಳಸಿ ಕಣ್ಣಾರೆ ಕಂಡಿದ್ದಳು. ಎಲ್ಲ ಲೇಖನಗಳಲ್ಲೂ ಅವಳ ಹೆಸರು ಬರುತ್ತಿತ್ತು: ಮೊದಲು ಕೇಳಿಸಿಕೊಂಡವಳು, ಉಳಿದವರಿಗಿಲ್ಲದ ಕಿವಿಯವಳು. ಕಾಲೇಜು ಲೈಬ್ರರಿಯಲ್ಲಿ ಮೂವತ್ತು ವರ್ಷ ಪುಸ್ತಕ ಕಾದು ನಿವೃತ್ತಳಾದ ಹೆಂಗಸಿಗೆ ಇದ್ದ ಹೆಮ್ಮೆ ಅದೊಂದೇ.

ಮೊದಲನೆಯ ಕ್ಯಾಸೆಟ್ಟನ್ನು ಮಾತ್ರ ಅವಳು ಮತ್ತೆ ಕೇಳಿರಲಿಲ್ಲ. ಪತ್ರಿಕೆಯವರು ವಾಪಸು ತರಿಸಿಕೊಂಡಿದ್ದರು. ಮಾಡಿಸಿದ್ದ ನೂರು ಪ್ರತಿಗಳೂ ಎಲ್ಲೆಲ್ಲೋ ಕಳೆದುಹೋಗಿದ್ದವು. ಈಗ ಧನುಶ್ರೀ ಎಂಬ ಹುಡುಗಿ ಒಂದನ್ನು ಹುಡುಕಿ, ಎರಡೂ ರೆಕಾರ್ಡಿಂಗುಗಳನ್ನು ಒಟ್ಟಿಗೆ ಹೊರತರಲು ಹೊರಟಿದ್ದಳು. ಭಾನುವಾರ ವಿರಾಜಪೇಟೆಯಲ್ಲಿ ಬಿಡುಗಡೆ. ಮುನ್ನುಡಿ ತುಳಸಿಯದು. ಕೇಳಿ ಬರೆಯಲೆಂದು ಕ್ಯಾಸೆಟ್ಟನ್ನೂ ಒಂದು ಪ್ಲೇಯರನ್ನೂ ಧನುಶ್ರೀಯೇ ತಂದುಕೊಟ್ಟು ಹೋಗಿದ್ದಳು.

ಕೇಳಿದರೆ ಏನಿದೆ? ಹಾಡು ಬಾಲಕ್ಕೆ ಬೆಂಕಿ ಹತ್ತಿದಂತೆ ಓಡುತ್ತಿತ್ತು. ಹಾಡುಗಾರ ಪೂವಯ್ಯನ ದನಿ, ಮದುವೆ ಮನೆಯಲ್ಲಿ ಮಗು ಕಳೆದುಕೊಂಡವನ ದನಿಯಷ್ಟು ತೆಳುವಾಗಿ, ಗಾಬರಿಯಾಗಿ ಕೇಳುತ್ತಿತ್ತು. ಆನೆಯೂ ಇಲ್ಲ, ಬಾವಿಯೂ ಇಲ್ಲ. ಆಲಿಕಲ್ಲು ಇತ್ತು. ಕೊನೆಯ ಬಸ್ಸು ಇತ್ತು.

ತುಳಸಿ ಕ್ಯಾಸೆಟ್ಟನ್ನು ಮತ್ತೆ ಹಾಕಿ ಮೊದಲಿಗೆ ಸುತ್ತಿದಳು. ಆಮೇಲೆ ಎದ್ದು, ಟಿ.ವಿ. ರಿಮೋಟಿನಿಂದ ಎರಡು ಸೆಲ್ ತೆಗೆದಳು. ಎರಡು ತಿಂಗಳಿಂದ ಅಂಗೈಗೆ ಬಡಿದರೆ ಮಾತ್ರ ಕೆಲಸ ಮಾಡುತ್ತಿದ್ದ ಸೆಲ್‌ಗಳು. ಅವನ್ನು ಪ್ಲೇಯರಿಗೆ ಹಾಕಿ ಗುಂಡಿ ಒತ್ತಿದಳು. ಸೋತ ಸೆಲ್ಲಿಗೆ ಟೇಪು ತೆವಳುತ್ತ ತಿರುಗಿತು.

ಆನೆ ನಡೆದು ಬಂತು.

ವಿಮರ್ಶೆ ಬರೆದ ವರ್ಷ, ಆಟಿ ತಿಂಗಳ ಮಳೆಯಲ್ಲಿ ಮಾದಾಪುರಕ್ಕೆ ಒಂಬತ್ತು ದಿನ ಕರೆಂಟಿರಲಿಲ್ಲ. ಹೊಸ ಸೆಲ್‌ಗಳು ಅಪ್ಪನ ರೇಡಿಯೋಗೆ ಮೀಸಲು. ಅವಳಿಗೆ ದಕ್ಕಿದ್ದು ಟಾರ್ಚಿನಲ್ಲಿ ಉರಿದು ಸೋತ ಸೆಲ್‌ಗಳು. ಅವನ್ನು ಒಲೆಕಟ್ಟೆಯ ಮೇಲಿಟ್ಟು ಬಿಸಿ ಮಾಡಿ, ಟೇಪ್ ರೆಕಾರ್ಡರಿಗೆ ಹಾಕಿ, ಕೇಳಿ, ಕಣ್ಣೀರು ಹಾಕಿ, ಬರೆದಿದ್ದಳು.

ಬೆಳಿಗ್ಗೆ ಗಂಡ ನಾಗರಾಜು ಹಜಾರದಿಂದ ಕೂಗಿದ. “ಲೇ, ರಿಮೋಟಿನ ಸೆಲ್ ಯಾರು ಕದ್ದಿದ್ದು? ಈ ಮನೇಲಿ ಇರೋರು ನಾವಿಬ್ರೇ. ನಾನಂತೂ ಅಲ್ಲ.”

“ಹಳೇದಾಗಿತ್ತು, ಎಸೆದೆ,” ಎಂದಳು. ಮದುವೆಯಾದ ಮೇಲೆ ಅವನಿಗೆ ಹೇಳಿದ ಸುಳ್ಳುಗಳನ್ನು ಅವಳು ಬೆರಳಲ್ಲಿ ಎಣಿಸಬಲ್ಲಳು. ಇದನ್ನೂ ಸೇರಿಸಿಕೊಂಡಳು.

ಭಾನುವಾರದವರೆಗೆ ಮುನ್ನುಡಿಯ ಒಂದಕ್ಷರ ಹುಟ್ಟಲಿಲ್ಲ. ಓದದೆ ಮಾತಾಡಬೇಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವಳು, ಕೇಳದೆ ಬರೆದಂತಾಗಿತ್ತಲ್ಲ. ಇನ್ನು ಮೊದಲ ರೆಕಾರ್ಡಿಂಗು ಊರಿಗೆಲ್ಲ ಸಿಗುತ್ತದೆ. ಈ ಹೆಂಗಸು ಕೇಳಿದ್ದಾದರೂ ಏನನ್ನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಮೊದಲು ತಾನೇ ಪೂವಯ್ಯನಿಗೆ ಹೇಳಿಬಿಡುವುದು ಎಂದು ತೀರ್ಮಾನಿಸಿ ವಿರಾಜಪೇಟೆಯ ಹಾದಿ ಹಿಡಿದಳು.

ಜೊತೆಗೆ ಬಂದ ನಾಗರಾಜುವನ್ನು ಸಭಾಂಗಣದಲ್ಲಿ ಕೂರಿಸಿ ಹಿಂದಿನ ಕೋಣೆಗೆ ಹೋದರೆ, ಅಲ್ಲಿ ಪೂವಯ್ಯ ಗಿಟಾರ್ ಶ್ರುತಿ ಮಾಡುತ್ತಿದ್ದ. ಬಿಳಿ ಮೀಸೆ, ತಲೆಗೆ ಹ್ಯಾಟು. ಡ್ರಮ್ ಬಾರಿಸುವ ಮಲ್ಲ ಕುರ್ಚಿಯ ಮೇಲೆ ಕಾಲು ಚಾಚಿ ಮೊಣಕಾಲಿಗೆ ಮುಲಾಮು ತಿಕ್ಕುತ್ತಿದ್ದ. ತಂಡದ ಮೂರನೆಯವನು ಆಗಲೇ ವೇದಿಕೆಯ ಮೇಲಿದ್ದ.

“ಬನ್ನಿ ಬನ್ನಿ, ಮೇಡಂ! ನೀವು ಬಾರದೆ ಶುರುವೇ ಇಲ್ಲ,” ಎಂದ ಪೂವಯ್ಯ.

“ಪೂವಯ್ಯ, ಒಂದು ವಿಷಯ ಹೇಳ್ಬೇಕಿತ್ತು. ಮೊದಲನೇ ಕ್ಯಾಸೆಟ್ ಕೇಳಿದೆ.”

“ಅಯ್ಯೋ, ಆ ಮಾನಗೇಡನ್ನ ಕೇಳಿದ್ರಾ! ಸ್ಟುಡಿಯೋದವ ಆರು ಗಂಟೆಗೆ ಬೀಗ ಹಾಕ್ತೇನೆ ಅಂತ ಬಾಗಿಲಲ್ಲೇ ನಿಂತಿದ್ದ. ಓಡಿದ್ದೇ ಓಡಿದ್ದು.”

“ಅದೇ. ಅಷ್ಟು ವೇಗ ಇತ್ತು. ನಾನು ಬರೆದದ್ದು ನೋಡಿದ್ರೆ...”

“ಅದನ್ನೇ ಅಲ್ವಾ ನಾನು ಎಲ್ರಿಗೂ ಹೇಳೋದು!” ಪೂವಯ್ಯ ಗಿಟಾರ್ ಕೆಳಗಿಟ್ಟ. “ನಿಮ್ಮ ವಿಮರ್ಶೆ ಬಂದ ದಿನ ತಂಡ ಮುಚ್ಚೋದು ಅಂತ ತೀರ್ಮಾನ ಆಗಿತ್ತು. ಡ್ರಮ್ಮು ಜೀಪಿಗೆ ಏರಿಸಿಯೂ ಆಗಿತ್ತು. ಓದಿದ್ವಿ. ‘ಅವಸರವಿಲ್ಲ’ ಅಂತೆ! ಈ ಮಲ್ಲ ಕೇಳಿದ, ಈ ಹುಡುಗಿ ನಮ್ಮದನ್ನೇ ಕೇಳಿದ್ದಾ, ಬೇರೆ ಯಾರದ್ದನ್ನೋ ಕೇಳಿ ಬರೆದದ್ದಾ ಅಂತ.”

ತುಳಸಿ ಕೇಳಿದಳು. “ಮತ್ತೆ?”

“ಮತ್ತೆ ಎಂತ? ಡ್ರಮ್ಮು ಇಳಿಸಿದ್ವಿ. ಬರೆದ ಹಾಗೆ ನುಡಿಸಿದ್ರೆ ಹೇಗಿರ್ತದೆ ನೋಡುವಾ ಅಂತ. ನಮ್ಮ ಹಾಡು ನಮಗೇ ಕೇಳಿದ್ದು ಅವತ್ತೇ, ಮೇಡಂ. ನಿಮ್ಮ ಆ ಬಾವಿ ದನಿ ಬರ್ಬೇಕು ಅಂತ ನಾನು ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ನಿಂತು ಕೂಗಿದ್ದು ಎರಡು ವರ್ಷ. ಊರಿನವರು ಹುಚ್ಚು ಅಂದ್ರು.”

“ಈಗ್ಲೂ ಅದೇ ಅಂತಾರೆ,” ಎಂದ ಮಲ್ಲ.

“ಇಲ್ಲ, ಪೂರ್ತಿ ಕೇಳಿ. ನಮ್ಮನೆ ಟೇಪ್ ರೆಕಾರ್ಡರಿತ್ತಲ್ಲ...”

“ಅಕ್ಕ, ಎಂಥ ರೆಕಾರ್ಡರ್ ಆದ್ರೂ ಆಗ್ಲಿ, ಅದಕ್ಕೊಂದು ಕೈ ಮುಗೀಬೇಕು,” ಎಂದು ಮಲ್ಲ ಕಷ್ಟಪಟ್ಟು ಎದ್ದ. “ಆ ಹಳೇ ವೇಗದಲ್ಲೇ ಬಾರಿಸ್ತಾ ಇದ್ದಿದ್ರೆ ಈ ಕಾಲು ಯಾವತ್ತೋ ಹೋಗ್ತಿತ್ತು. ಈಗ ನೋಡಿ, ಎಂಬತ್ತರವರೆಗೂ ಬಾರಿಸ್ತೇನೆ. ನಿಮ್ಮ ದಯೆ.”

ಧನುಶ್ರೀ ಬಾಗಿಲಲ್ಲಿ ತಲೆ ಹಾಕಿದಳು. “ಮೇಡಂ, ಮುನ್ನುಡಿ? ಆ ಒಂದು ಹಾಳೆ ಮಾತ್ರ ಅಚ್ಚಾಗೋಕೆ ಬಾಕಿ, ಪ್ರೆಸ್ಸಿನವರು ನನ್ನ ಜೀವ ತಿಂತಿದ್ದಾರೆ. ಎರಡು ಸಾಲಾದ್ರೂ ಕೊಡಿ.”

ತುಳಸಿ ಬ್ಯಾಗಿನಿಂದ ಪೆನ್ನು ತೆಗೆದಳು. ಹೇಳಿದರೆ ಕಳೆದುಹೋಗುವುದು ತನ್ನ ಹೆಸರು ಮಾತ್ರವಲ್ಲ ಎಂಬುದು ಈಗ ಅವಳಿಗೆ ಸ್ಪಷ್ಟವಾಗಿತ್ತು. ಕೆರೆ ಏರಿಯ ಎರಡು ವರ್ಷಗಳೂ ಒಂದು ತಮಾಷೆಯಾಗಿಬಿಡುತ್ತವೆ. ಆದರೆ ಸುಳ್ಳು ಬರೆಯಲು ಅವಳಿಗೆ ಕೈ ಬಾರದು. ಒಂದೊಂದು ಪದವನ್ನೂ ತೂಗಿ ಬರೆದಳು: ‘ಆ ದಿನ ನನಗೆ ಕೇಳಿಸಿದ್ದನ್ನು ನಾನು ಬರೆದೆ. ಬರೆದದ್ದನ್ನು ಇವರು ನಿಜ ಮಾಡಿದರು.’ ಎರಡು ಸಲ ಓದಿದಳು. ಒಂದಕ್ಷರವೂ ಸುಳ್ಳಿರಲಿಲ್ಲ.

ಧನುಶ್ರೀ ಓದಿ ಕಣ್ಣರಳಿಸಿದಳು. “ಅಬ್ಬಾ, ಎಷ್ಟು ವಿನಯ ಮೇಡಂ ನಿಮಗೆ!”

ತುಳಸಿ ಕೆಮ್ಮಿದಳು.

ಆ ಸಂಜೆ ಮಲ್ಲನ ಕೋಲು ಬಿದ್ದಾಗಲೆಲ್ಲ ಇಡೀ ಸಭಾಂಗಣ ಒಟ್ಟಿಗೆ ನೆಲಕ್ಕೆ ಕಾಲು ಬಡಿಯಿತು. ಪೂವಯ್ಯ ಬಾಯಿ ತೆರೆದರೆ ಬಾವಿಯೇ ಮಾತಾಡಿದಂತಿತ್ತು. ರಾಕ್ ಎಂದರೆ ಮೂಗು ಮುರಿಯುವ ನಾಗರಾಜು ಕೂಡ ಕಾಲು ಬಡಿಯುತ್ತಿದ್ದ. ಆಮೇಲೆ ಅವಳ ಕಿವಿಯ ಬಳಿ ಬಾಗಿ ಕೇಳಿದ. “ಅಲ್ಲ ಕಣೇ, ಇದೆಲ್ಲ ನಿಂಗೊಬ್ಳಿಗೇ ಆಗ್ಲೇ ಹೆಂಗೆ ಗೊತ್ತಾಯ್ತು?”

ತುಳಸಿ ಗಂಡನ ಮುಖ ನೋಡಿದಳು. ಒಳ್ಳೆಯ ಮನುಷ್ಯ. ಗುಟ್ಟೆಂದರೆ ಮಾತ್ರ ನಾಳೆ ಬೆಳಿಗ್ಗೆ ಹಾಲಿನವನಿಗೂ ಹೇಳಿಯಾನು. ಇವನಿಗೂ ಇಲ್ಲ, ಇನ್ಯಾರಿಗೂ ಇಲ್ಲ ಎಂದು ಅವಳು ಅಲ್ಲೇ ನಿಶ್ಚಯಿಸಿದಳು.

“ಸುಮ್ಮನೆ ಹಾಡು ಕೇಳಿ,” ಎಂದಳು.