ಜೋಡಿ ಟೈರಿನ ನಡುವಿನ ಜಾಗ

ಹೆಗ್ಗನಹಳ್ಳಿಯ ಕೆಂಪಯ್ಯನಿಗೆ ಒಂದು ಲಾರಿ ಇತ್ತು. ರಾಜಾಜಿನಗರದಲ್ಲಿ ಆಗ ಹೊಸ ಮನೆಗಳು ಏಳುತ್ತಿದ್ದವು. ಅಲ್ಲಿಗೆ ಕಲ್ಲು ಸಾಗಿಸುತ್ತಿದ್ದ. ಹಿಂದಿನ ಟೈರುಗಳು ಸವೆದಾಗ 7.50-20 ಅಳತೆಯವನ್ನು ತೆಗೆಸಿ 9.00-20 ಅಳತೆಯ ದೊಡ್ಡವನ್ನು ಹಾಕಿಸಿದ. ದೊಡ್ಡ ಟೈರು ಹೆಚ್ಚು ಭಾರ ತಡೆಯುತ್ತೆ ಅಂತ ಕಲ್ಲನ್ನೂ ಹೆಚ್ಚಾಗಿ ತುಂಬಿಸತೊಡಗಿದ.

ಒಂದು ಮಧ್ಯಾಹ್ನ ಸುಂಕದಕಟ್ಟೆ ದಾಟಿ ಬರುವಾಗ ಹಿಂದಿನ ಟೈರೊಂದು ಸಿಡಿಯಿತು. ಲಾರಿ ವಾಲಿಕೊಂಡು ರಸ್ತೆಯಂಚಿಗೆ ಹೋಗಿ ನಿಂತಿತು. ಕಲ್ಲಿನ ಮೇಲೆ ಕೂತಿದ್ದ ಕೂಲಿ ಹೆಂಗಸು ಅಣ್ಣಮ್ಮ ಕೆಳಗೆ ಬಿದ್ದಳು. ಅವಳ ಕೈ ಮುರಿಯಿತು.

"ಯಾರದೋ ಕಣ್ಣು ಬಿತ್ತು," ಅಂದ ಕೆಂಪಯ್ಯ. ಅದೇ ಅಳತೆಯ ಇನ್ನೊಂದು ಟೈರು ಹಾಕಿಸಿ ಮತ್ತೆ ಕಲ್ಲು ತುಂಬಿಸಿದ.

ಪಕ್ಕದ ಮನೆಯ ಮುನಿಯಣ್ಣ ಹಿಂದೆ ಮಿಲಿಟರಿಯಲ್ಲಿ ಲಾರಿ ಓಡಿಸಿದ್ದವರು. ಹೊರಟು ನಿಂತಿದ್ದ ಲಾರಿಯ ಹಿಂದೆ ಬಗ್ಗಿ ನೋಡಿದರು.

"ಕೆಂಪಯ್ಯ, ಅಕ್ಕಪಕ್ಕ ಇರೋ ಈ ಜೋಡಿ ಟೈರಿನ ನಡುವೆ ಕೈ ಹಾಕು."

ಕೈ ಇರಲಿ, ಬೆರಳೂ ತೂರಲಿಲ್ಲ. ತಾಗಿದ ಕಡೆ ರಬ್ಬರು ಉಜ್ಜಿ ನುಣ್ಣಗಾಗಿತ್ತು.

"ಓಡ್ತಾ ಓಡ್ತಾ ಒಂದಕ್ಕೊಂದು ಉಜ್ಜಿ ಕಾಯ್ತವೆ. ಕಾದು ಸಿಡೀತವೆ."

"ಹಳೇದ್ರಲ್ಲೂ ಇಪ್ಪತ್ತು, ಇದ್ರಲ್ಲೂ ಇಪ್ಪತ್ತು. ಅಳತೆ ಒಂದೇ ಅಲ್ವಾ ಮುನಿಯಣ್ಣ?"

"ಇಪ್ಪತ್ತು ಅನ್ನೋದು ಟೈರು ಕೂರೋ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಅದು ಸರಿ ಇದೆ, ಅದಕ್ಕೇ ಕೂತ್ಕೊಂತು. ಮೊದಲನೇ ಅಂಕಿ ಟೈರಿನ ಅಗಲ. ಏಳೂವರೆ ಇದ್ದ ಜಾಗಕ್ಕೆ ಒಂಬತ್ತು ತಂದಿದೀಯ. ನಿನ್ನ ರಿಮ್ಮು ಅಷ್ಟು ಅಗಲ ಇಲ್ಲ. ನಡುವೆ ಜಾಗಾನೂ ಇಲ್ಲ."

"ಮತ್ತೆ ಭಾರ ತಡೆಯೋದು ಯಾವ್ದು?"

"ಟೈರಿನ ಪಕ್ಕದಲ್ಲಿ ಪ್ಲೈ ಅಂತ ಬರೆದಿರುತ್ತೆ ನೋಡು, ಎಂಟು, ಹತ್ತು ಅಂತ. ಅದು ಟೈರಿನ ಗಟ್ಟಿತನ. ಅಳತೆ ಒಂದೇ ಇದ್ರೂ ಹತ್ತು ಪ್ಲೈಯದು ಎಂಟಕ್ಕಿಂತ ಹೆಚ್ಚು ಹೊರುತ್ತೆ, ಗಾಳಿ ಸರಿಯಾಗಿ ತುಂಬಿಸಿದ್ರೆ. ಆದ್ರೆ ಟೈರು ಗಟ್ಟಿ ಅಂತ ಲಾರಿಯ ಬ್ರೇಕು, ಅಚ್ಚು ಗಟ್ಟಿ ಆಗಲ್ಲ. ಲಾರಿಗೆ ಹೇಳಿರೋ ಭಾರ ಮೀರಬಾರದು."

"ದೊಡ್ಡ ಟೈರು ಹಾಕ್ಕೊಂಡು ಎಷ್ಟೋ ಲಾರಿ ಓಡ್ತವೆ."

"ಓಡ್ತವೆ. ಅವರು ಜಾಗ ನೋಡಿ, ಅದಕ್ಕೆ ತಕ್ಕ ರಿಮ್ಮೂ ಹಾಕಿಸಿರ್ತಾರೆ."

ಕೆಂಪಯ್ಯ ಒಪ್ಪುವ ಹಾಗೆ ಕಾಣಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವನ ಹೆಂಡತಿ ಪಾಪಮ್ಮ, "ಇವತ್ತು ಮೇಲೆ ಕೂತು ಹೋಗೋದು ಯಾರು?" ಅಂದಳು.

"ರಾಮಕ್ಕ."

"ನೀವು ಒಳಗೆ ಸ್ಟೇರಿಂಗ್ ಹಿಡ್ಕೊಂಡು ಕೂತಿರ್ತೀರಿ. ಬೀಳೋದು ಅವಳು."

ಕೆಂಪಯ್ಯ ಕಲ್ಲು ಇಳಿಸಲು ಹೇಳಿದ. ಲಾರಿಯ ಜೊತೆ ಬಂದ ಪುಸ್ತಕದಲ್ಲಿ ಟೈರಿನ ಅಳತೆ, ಹೇರಬಹುದಾದ ಭಾರ ನೋಡಿ, ಮುನಿಯಣ್ಣನ ಜೊತೆ ಹೋಗಿ ಹತ್ತು ಪ್ಲೈಯ 7.50-20 ತಂದು ಹಿಂದೆ ಹಾಕಿಸಿದ. ಅಷ್ಟೇ ಭಾರ ಹೇರಿ ನೋಡಿದರೆ ಜೋಡಿಯ ನಡುವೆ ಕೈ ಸಲೀಸಾಗಿ ಹೋಯಿತು.

ಅಣ್ಣಮ್ಮನ ಮನೆಗೂ ಹೋಗಿ, "ತಪ್ಪು ನನ್ನದು ಕಣಮ್ಮ," ಅಂದ.

"ಕೈ ಕೂಡ್ಲಿ, ಬರ್ತೀನಿ," ಅಂದಳು ಅಣ್ಣಮ್ಮ. "ಇನ್ಮೇಲೆ ಯಾರನ್ನೂ ಕಲ್ಲಿನ ಮೇಲೆ ಕೂರಿಸ್ಬೇಡಿ."

ಅಂದಿನಿಂದ ಅವನು ಕೂರಿಸಿಲ್ಲ.

ಲಾರಿ ಇಟ್ಟುಕೊಂಡಿರುವ ಅಣ್ಣಂದಿರೇ, ದೊಡ್ಡ ಟೈರು ಕೊಳ್ಳುವ ಮೊದಲು ಅದರ ಪಕ್ಕದ ಅಂಕಿಗಳನ್ನು ಓದಿ. ರಿಮ್ಮಿಗೆ ಹೊಂದುತ್ತದೆಯೇ, ಜೋಡಿಯ ನಡುವೆ ಜಾಗ ಉಳಿಯುತ್ತದೆಯೇ ಎಂದು ತಿಳಿದವರನ್ನು ಕೇಳಿ. ಓದಲು ಬಾರದಿದ್ದರೆ ಓದಿಸಿಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ನಿಮ್ಮ ಲಾರಿಯನ್ನು ನಂಬಿ ಕೂಲಿಗೆ ಬರುವವರು ಸಂಜೆ ಮನೆಗೆ ನಡೆದುಕೊಂಡು ಹೋಗಬೇಕು.