ದ್ಯಾವಮ್ಮ ಬೈಯದ ಗೋಡೆ

ಕೊಟ್ಟಿಗೆಹಾರದ ಸುತ್ತ ಗಾರೆ ಕೆಲಸದಲ್ಲಿ ದ್ಯಾವಮ್ಮನ ಬೈಗುಳ ತಿನ್ನದವರಿಲ್ಲ. ಮರಳು ತಂದ ಲಾರಿಯವನಿರಲಿ, ಮನೆ ಕಟ್ಟಿಸುವ ಯಜಮಾನನಿರಲಿ, ಎಲ್ಲರಿಗೂ ಸಮಪಾಲು. ಹೆಂಗಸಿನ ಕೈಗೆ ಕರಣೆ ಯಾಕೆ ಎಂದವರ ಎದುರೇ ಗೋಡೆ ಕಟ್ಟಿ ಮೇಸ್ತ್ರಿ ಎನಿಸಿಕೊಂಡವಳು ಅವಳು. ಬಾಯಿ ಮೆತ್ತಗಿದ್ದಿದ್ದರೆ ಇವತ್ತಿಗೂ ಗಾರೆ ಬಾಂಡ್ಲಿ ಹೊರುವುದೇ ಗತಿಯಾಗುತ್ತಿತ್ತು.

ಅಂಥವಳು ಸೌಮ್ಯಳನ್ನು ಮಾತ್ರ ಬೈಯುತ್ತಿರಲಿಲ್ಲ.

ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟ ಸೌಮ್ಯ, ಮೂಡಿಗೆರೆಯಲ್ಲಿ ಹೆಂಗಸರಿಗೆ ಆಸರೆ ಕೊಡುವ ಮನೆಯೊಂದರಲ್ಲಿದ್ದಳು. ಪುಟ್ಟ ಮಗಳು ಕಳಸದಲ್ಲಿ ಅಜ್ಜಿಯ ಹತ್ತಿರ. ಗಾರೆ ಕೆಲಸ ಕಲಿತು ಮೇಸ್ತ್ರಿ ಕೂಲಿ ಸಿಕ್ಕಿದರೆ ಒಂದು ಕೋಣೆ ಹಿಡಿದು ಮಗಳನ್ನು ಕರೆತರಬಹುದು ಎಂಬುದೊಂದೇ ಅವಳ ಆಸೆ. ಆಸರೆ ಮನೆಯವರು ಅವಳನ್ನು ದ್ಯಾವಮ್ಮನ ಕೈಗೊಪ್ಪಿಸಿದ ದಿನ, ದ್ಯಾವಮ್ಮ ಬೇರೆ ಯಾರನ್ನೋ ಗದರಿದಾಗ ಈ ಹುಡುಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ದ್ಯಾವಮ್ಮ ಅದನ್ನು ನೋಡಿದಳು. ಅಂದಿನಿಂದ ಸೌಮ್ಯ ಕಟ್ಟಿದ ಗೋಡೆ ವಾಲಿದರೂ "ಚೆನ್ನಾಗಿದೆ ಕಣೇ" ಎನ್ನುವಳು. ಸಂಜೆ ಅವಳು ಮೂಡಿಗೆರೆ ಬಸ್ಸು ಹತ್ತಿದ ಮೇಲೆ ವಾಲಿದ ಇಟ್ಟಿಗೆಗಳನ್ನು ಕಿತ್ತು ನೇರ ಕೂರಿಸಿ ಮನೆಗೆ ಹೋಗುವಳು. ಮುದ್ದು ಅಂದರೆ ಮುದ್ದು, ಮೂರ್ಖತನ ಅಂದರೆ ಮೂರ್ಖತನ.

ಒಂದು ದಿನ ಕಾಫಿ ತೋಟದ ಚಂದ್ರಶೇಖರಪ್ಪನವರು ತಮ್ಮ ಕೂಲಿಯಾಳುಗಳ ಲೈನ್ ಮನೆಯಲ್ಲಿ ಸೌಮ್ಯ ಕಟ್ಟಿದ ಬಚ್ಚಲಿನ ಗೋಡೆ ನೋಡಲು ಬಂದರು. ತೂಕದ ಗುಂಡು ಇಳಿಬಿಟ್ಟರು. ದಾರ ಗೋಡೆಗೆ ಸಮನಾಗಿ ನಿಂತಿತು.

"ಈ ಹುಡುಗಿ ಕಟ್ಟಿದ್ದಾ ದ್ಯಾವಮ್ಮ? ಹಂಗಾದ್ರೆ ಪಕ್ಕದ ಕೋಣೆ ಇವಳೇ ಕಟ್ಲಿ. ಶನಿವಾರ ನೋಡ್ತೀನಿ. ಸರಿ ಇದ್ರೆ ಮೇಸ್ತ್ರಿ ಕೂಲಿನೇ ಕೊಡೋಣ."

ಸೌಮ್ಯಳ ಮುಖ ಅರಳಿತು. ಆ ಗೋಡೆ ತಿದ್ದಿದ ದ್ಯಾವಮ್ಮನ ಮುಖ ಬಾಡಿತು. "ಆಗ್ಲಿ ಸಾಹುಕಾರ್ರೆ" ಎಂದಳು. ಬೇರೇನು ಹೇಳಿಯಾಳು?

ಮರುದಿನ ಸೌಮ್ಯ ಹಾಡು ಗುನುಗುತ್ತ ಇಟ್ಟಿಗೆ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು, ಹೊರಕ್ಕೆ ವಾಲಿಯೂ ಇತ್ತು. ಇವತ್ತೂ ಸಂಜೆ ತಿದ್ದಿಬಿಡಲೇ ಎಂದು ದ್ಯಾವಮ್ಮ ಯೋಚಿಸಿದಳು. ತಿದ್ದಬಹುದು. ಆದರೆ ನಾಳೆ ಇವಳು ಬೇರೆ ಊರಿನಲ್ಲಿ ಕಟ್ಟುವ ಗೋಡೆಯನ್ನು ಯಾರು ತಿದ್ದುತ್ತಾರೆ? ಅದು ಯಾರ ಮೇಲೆ ಬೀಳುತ್ತದೆ?

"ಸೌಮ್ಯಾ, ಗೋಡೆ ವಾಲಿದೆ. ಕೆಡವು."

ಸೌಮ್ಯ ಬೆಚ್ಚಿದಳು. "ಇಷ್ಟು ದಿನ ಸರಿ ಇತ್ತಲ್ಲ ಅಕ್ಕಾ?"

"ಇರ್ಲಿಲ್ಲ ಮಾರಾಯ್ತಿ. ನೀನು ಬಸ್ ಹತ್ತಿದ್ಮೇಲೆ ನಾನೇ ತಿದ್ತಿದ್ದೆ. ಬೈದ್ರೆ ಹೆದರ್ತೀಯ ಅಂತ..."

ಸೌಮ್ಯಳ ಕಣ್ಣು ತುಂಬಿತು. ಆದರೆ ದನಿಯಲ್ಲಿದ್ದದ್ದು ಹೆದರಿಕೆಯಲ್ಲ, ಸಿಟ್ಟು.

"ಅವನು ಸುಮ್ಸುಮ್ನೆ ಹೊಡೀತಿದ್ದ. ನೀವು ಸುಮ್ಸುಮ್ನೆ ಹೊಗಳಿದ್ರಿ. ನಂಗೆ ಕೆಲಸ ಬರೋದು ಯಾವಾಗ ಅಕ್ಕಾ?"

ದ್ಯಾವಮ್ಮ ತೂಕದ ಗುಂಡು ತಂದು ಅವಳ ಕೈಗಿಟ್ಟಳು.

ಸೌಮ್ಯ ಗೋಡೆ ಕೆಡವಿದಳು. ಗಾರೆ ಕೆರೆದು, ಇಟ್ಟಿಗೆಗಳನ್ನು ಒಟ್ಟಿ, ಮತ್ತೆ ಬುಡದಿಂದ ಶುರು ಮಾಡಿದಳು. ಈ ಸಲ ದ್ಯಾವಮ್ಮ ಕೈಕಟ್ಟಿ ಪಕ್ಕದಲ್ಲೇ ನಿಂತು ಬಾಯಿ ತುಂಬ ಬೈದಳು. "ಗುಂಡು ಬಿಟ್ಟು ನೋಡೇ! ಕಣ್ಣಳತೆ ನಂಬೋಕೆ ನೀನೇನು ಅಮ್ಮನ ಹೊಟ್ಟೇಲೇ ಮೇಸ್ತ್ರಿ ಆಗಿ ಬಂದ್ಯಾ?" ಮೊದಮೊದಲು ಪ್ರತಿ ಬೈಗುಳಕ್ಕೂ ಸೌಮ್ಯಳ ಭುಜ ಮುದುರುತ್ತಿತ್ತು. ಮರುದಿನ "ತಡೀರಿ ಅಕ್ಕ, ನೋಡ್ತಾ ಇದೀನಲ್ಲ" ಎಂದು ಎದುರು ಮಾತಾಡಿದಳು. ದ್ಯಾವಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷಕ್ಕೇ ಇನ್ನೆರಡು ಬೈದಳು.

ಶನಿವಾರ ಚಂದ್ರಶೇಖರಪ್ಪನವರು ಬಂದಾಗ ಗೋಡೆ ಎದೆಮಟ್ಟಕ್ಕೂ ಬಂದಿರಲಿಲ್ಲ.

"ಇಷ್ಟು ದಿನಕ್ಕೆ ಇಷ್ಟೇನಾ?"

ತಪ್ಪು ತನ್ನದೆನ್ನಲು ದ್ಯಾವಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಸೌಮ್ಯ ಮುಂದೆ ಬಂದಳು. "ಮೊದ್ಲು ಕಟ್ಟಿದ್ದು ವಾಲಿತ್ತು ಸಾಹುಕಾರ್ರೆ, ಕೆಡವಿದೆ. ಬಚ್ಚಲಿನ ಗೋಡೆನೂ ಅಕ್ಕ ತಿದ್ದಿದ್ದು. ಇದು ಮಾತ್ರ ಪೂರ್ತಿ ನಂದು. ಗುಂಡು ಬಿಟ್ಟು ನೋಡಿ."

ಅವರು ನೋಡಿದರು. ಒಂದು ಮೂಲೆಯಲ್ಲಿ, ನಡುವೆ, ಇನ್ನೊಂದು ಮೂಲೆಯಲ್ಲಿ.

"ನಿಧಾನ ಆದ್ರೂ ನೆಟ್ಟಗಿದೆ. ಮೇಸ್ತ್ರಿ ಕೂಲಿ ಬರ್ಕೊಳ್ಳೋಕೆ ಲೆಕ್ಕದ ರೈಟರಿಗೆ ಹೇಳ್ತೀನಿ."

ಸೌಮ್ಯ ಗಾರೆಯ ಕೈಯಲ್ಲೇ ಹೊರಗೆ ಹೋಗಿ ಕಳಸಕ್ಕೆ ಫೋನು ಹಚ್ಚಿದಳು. "ಅಮ್ಮಾ, ಪಾಪು ಬಟ್ಟೆ ಕಟ್ಟಿಡು. ನಾಳೆ ಬಂದು ಕರ್ಕೊಂಡು ಬರ್ತೀನಿ."

"ಕೋಣೆ ಸಿಗೋ ತನಕ ಪಾಪು ನಮ್ಮನೇಲೇ ಇರುತ್ತೆ ಅಂತ ಹೇಳೇ, ಬಾಯಿಗೇನು ಬಂದಿದೆ ನಿಂಗೆ!" ಎಂದು ದ್ಯಾವಮ್ಮ ಒಳಗಿನಿಂದ ತೋಟವೆಲ್ಲ ಕೇಳುವಂತೆ ಅರಚಿದಳು.

ಸೌಮ್ಯ ಬೆಚ್ಚಲಿಲ್ಲ. ನಗುತ್ತ, ಮಗುವಿಗೂ ಕೇಳಿಸಲೆಂದು ಫೋನನ್ನು ಆ ಕಡೆ ಹಿಡಿದಳು.